ಕಲಿತುಬಿಟ್ಟಳು

ನಮ್ಮ ಊರಿನ ಕಾಲೇಜಿಗೆ ಮೊದಮೊದಲು ಮೂರೇ ಮೆಟ್ಟಿಲು ಇದ್ದವಂತೆ. ನಾನು ಕೆಲಸಕ್ಕೆ ಸೇರಿದಾಗ ಇನ್ನೂರ ಹದಿನಾರು ಆಗಿದ್ದವು. ನಿವೃತ್ತನಾದ ದಿನ ಏಳುನೂರ ನಾಲ್ಕು. ಈ ಲೆಕ್ಕವನ್ನು ನನ್ನಷ್ಟು ಖಚಿತವಾಗಿ ಹೇಳುವವರು ಊರಲ್ಲಿ ಇನ್ನೊಬ್ಬರಿಲ್ಲ. ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಅವನ್ನು ಎಣಿಸುತ್ತ ಹತ್ತಿ, ಮೇಲೆ ಹೋಗಿ ಪುಸ್ತಕದಲ್ಲಿ ಬರೆಯುವುದೇ ನನ್ನ ನೌಕರಿಯಾಗಿತ್ತು. ಹೆಸರು ಸೂರಪ್ಪ ಎಂದಿದ್ದರೂ ಊರಿನವರು ನನ್ನನ್ನು ಕರೆಯುತ್ತಿದ್ದದ್ದು ಎಣಿಕೆ ಮೇಷ್ಟ್ರು ಎಂದು. ಜನ್ಮದಲ್ಲಿ ಒಬ್ಬರಿಗೂ ಒಂದು ಅಕ್ಷರ ಹೇಳಿಕೊಟ್ಟವನಲ್ಲ ನಾನು. ಆದರೂ ಮೇಷ್ಟ್ರು ಎನ್ನಿಸಿಕೊಳ್ಳಲು ಬಾಯಿ ಸಿಹಿಯಾಗುತ್ತಿತ್ತು.

ಬೇರೆ ಊರುಗಳಲ್ಲಿ "ಅವನು ಕಾಲೇಜಿನ ಮೆಟ್ಟಿಲೇ ಹತ್ತಿಲ್ಲ" ಎಂದರೆ ಅದು ಬರೀ ಬೈಗುಳ. ನಮ್ಮಲ್ಲಿ ಹಾಗೆಂದರೆ ಅವನ ಮಂಡಿ ಇನ್ನೂ ಗಟ್ಟಿಯಾಗಿದೆ ಎಂದೂ ಆಗುತ್ತದೆ. ಕಾಲೇಜಿಗೆ ಬಂದವರಲ್ಲಿ ಯಾರಿಗಾದರೂ ಕಲಿತದ್ದು ನಿಜವಾಗಿ ಕೈಗೆ ಹತ್ತಿತು ಎನ್ನಿ, ಮಾರನೆಯ ಬೆಳಗ್ಗೆ ಮೆಟ್ಟಿಲ ಸಾಲಿನ ಬುಡದಲ್ಲಿ ಹೊಸದೊಂದು ಮೆಟ್ಟಿಲು ಇರುತ್ತಿತ್ತು. ಉಳಿದವೆಲ್ಲ ಕಾಲೇಜಿನ ಸಮೇತ ಅಷ್ಟು ಮೇಲೆ ಹೋಗಿರುತ್ತಿದ್ದವು. ಎದುರಿನ ಸೋಡಾ ಅಂಗಡಿಯ ತಿಮ್ಮಣ್ಣ ನಾಲ್ಕು ಸಲ ಅಂಗಡಿಯನ್ನು ಹಿಂದಕ್ಕೆ ಎಳೆಸಿದ. ಐದನೆಯ ಸಲಕ್ಕೆ ಬೇಸತ್ತು, ಅರ್ಧ ದಾರಿಯಲ್ಲಿ ಸ್ವಲ್ಪ ಅಗಲವಾಗಿದ್ದ ಒಂದು ಮೆಟ್ಟಿಲ ಮೇಲೆಯೇ ಅಂಗಡಿ ಇಟ್ಟ. ಅಲ್ಲಿ ಏದುಸಿರು ಬಿಡುತ್ತ ಬರುವವರೆಲ್ಲ ಸೋಡಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ, ವ್ಯಾಪಾರ ಮೊದಲಿಗಿಂತ ಜೋರಾಯಿತು.

ನಮ್ಮದು ದೊಡ್ಡ ಡಿಗ್ರಿ ಕೊಡುವ ಕಾಲೇಜಲ್ಲ. ಊರಿನವರಿಗಾಗಿ ಊರಿನವರೇ ಮಾಡಿಕೊಂಡದ್ದು, ಆಮೇಲೆ ಸರ್ಕಾರ ಕೈಗೆ ತೆಗೆದುಕೊಂಡದ್ದು. ಹದಿನೆಂಟರವರೂ ಬರುತ್ತಿದ್ದರು, ಅರವತ್ತರವರೂ ಬರುತ್ತಿದ್ದರು. ಹೊಲಿಗೆ, ಬರವಣಿಗೆ, ರೋಗಿಗಳ ಆರೈಕೆ, ಮೋಟಾರು ರಿಪೇರಿ, ಹೀಗೆ ಏಳೆಂಟು ತರಗತಿ. ಒಂದೊಂದಕ್ಕೂ ಎರಡು ವರ್ಷ. ಒಬ್ಬರು ಕಲಿತರೆ ಮುಂದಿನವರಿಗೆ ಹತ್ತುವುದು ಒಂದು ಮೆಟ್ಟಿಲು ಹೆಚ್ಚಾಗುತ್ತಿತ್ತು. ಅದಕ್ಕೇ ನಮ್ಮಲ್ಲಿ ಅಮ್ಮಂದಿರು ಮಕ್ಕಳಿಗೆ "ಬೇಗ ಸೇರ್ಕೊಳ್ಳೋ, ನಾಳೆಗೆ ಇನ್ನೂ ಎತ್ತರ ಆಗತ್ತೆ" ಎಂದು ಬೈಯುವುದು. ಊರಿನವರ ಏಳಿಗೆಯೆಲ್ಲ ಕೊನೆಗೆ ಬಂದು ಕೂತದ್ದು ನನ್ನ ಮಂಡಿಯಲ್ಲಿ.

ಮೆಟ್ಟಿಲುಗಳೆಲ್ಲ ಒಂದೇ ಎತ್ತರವಲ್ಲ. ಯಾರದೋ ಅವರ ಹೆಜ್ಜೆಯ ಅಳತೆ. ಲಾರಿ ಓಡಿಸುವ ಉದ್ದಕಾಲಿನ ಚನ್ನರಾಜು ಲೆಕ್ಕ ಬರೆಯುವುದನ್ನು ಕಲಿತಾಗ ಬಂದ ಮೆಟ್ಟಿಲು ಒಂದೂವರೆ ಮೊಳ ಇತ್ತು. ಸೀರೆ ಉಟ್ಟವರೆಲ್ಲ ಇವತ್ತಿಗೂ ಅಲ್ಲಿಗೆ ಬಂದಾಗ ಅವನ ಹೆಸರು ಹೇಳಿ ಶಾಪ ಹಾಕುತ್ತಾರೆ. ಆದರೆ ಮೆಟ್ಟಿಲಿನ ಮೇಲೆ ಹೆಸರು ಇರುವುದಿಲ್ಲ. ಹೊಸದು ಕಂಡ ದಿನ ಊರಿನಲ್ಲಿ ಎದುರಾದವರೆಲ್ಲ "ಯಾರದಂತೆ?" ಎಂದು ಕೇಳಿಕೊಳ್ಳುವುದು, ಗಿಡ್ಡದಾದರೆ ಹೊಲಿಗೆ ತರಗತಿಯವರು ನಮ್ಮ ಹುಡುಗಿಯದೇ ಎಂದು ವಾದಿಸುವುದು, ಇದೆಲ್ಲ ನಡೆಯುತ್ತಿತ್ತು. ನಾನು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ, ಹತ್ತಿದರೆ ಕಾಲಿಗೇ ಗೊತ್ತಾಗುತ್ತಿತ್ತು.

ಮೋಟಾರು ತರಗತಿಯ ಮೇಷ್ಟ್ರು ಜಬ್ಬಾರ್ ಸಾಹೇಬರು. ಸಂತೆಪೇಟೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದವರನ್ನು ಕಾಲೇಜಿನವರು ಕರೆದು ಕೂರಿಸಿದ್ದರು. ಕೆಲಸ ಕಾಯಂ ಆಗಿರಲಿಲ್ಲ, ಆಗುವುದೂ ಇರಲಿಲ್ಲ. ತೆಳ್ಳಗಿನ ಆಳು, ಬೆರಳ ತುದಿಗಳಲ್ಲಿ ಯಾವಾಗಲೂ ವಾರ್ನಿಷ್ ವಾಸನೆ. ಅವರದೊಂದು ಪದ್ಧತಿಯಿತ್ತು. ಸೇರಲು ಬಂದವರನ್ನು ಮೊದಲ ದಿನವೇ ಎದುರಿಗೆ ಕೂರಿಸಿಕೊಂಡು "ಏನಕ್ಕೆ ಬಂದ್ರಿ?" ಎಂದು ಕೇಳುವುದು. ಅವರು ಹೇಳಿದ್ದನ್ನು ತರಗತಿಯ ಕಬ್ಬಿಣದ ಬೀರುವಿನ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ಬರೆಯುವುದು. ದೋಸೆ ಹೋಟೆಲಿನ ಗ್ರೈಂಡರು. ತೋಟದ ಪಂಪು. ಅಮ್ಮನ ಕೋಣೆಯ ಫ್ಯಾನು. ಯಾವತ್ತು ಆ ಕೆಲಸ ಅವರ ಕೈಯಿಂದಲೇ ಆಯಿತೋ, ಅವತ್ತು ಆ ಸಾಲನ್ನು ಹೆಬ್ಬೆರಳಿನಿಂದ ಒರೆಸಿ "ನಡೀರಿ ಇನ್ನು, ನಿಮ್ಮ ಕೆಲಸ ನೋಡ್ಕೊಳ್ಳಿ" ಎನ್ನುವುದು. ಅದು ಆರು ತಿಂಗಳಿಗೆ ಆದರೂ ಸೈ, ಎರಡು ವರ್ಷಕ್ಕೆ ಆದರೂ ಸೈ. ಪೂರ್ತಿ ಎರಡು ವರ್ಷ ಕೂತವರು ಅವರಲ್ಲಿ ಕಡಿಮೆ.

ಹಾಗೆ ಹೋಗುವವರು ಕೊನೆಯ ದಿನ ನನ್ನ ಮೇಜಿಗೆ ಬಂದು ಹೇಳಿ ಹೋಗಬೇಕಿತ್ತು. ನಾನು ಕಾರಣ ಕೇಳಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಹಳೆಯ ರಿಜಿಸ್ಟರಿನಲ್ಲಿ ಷರಾ ಎಂದು ಒಂದು ಅಗಲವಾದ ಕಾಲಂ. ಮನಸ್ಸಿಗೆ ಬಂದಂತೆ ಬರೆಯಬಹುದಾಗಿತ್ತು. ಜಬ್ಬಾರ್ ಮೇಷ್ಟ್ರ ಶಿಷ್ಯರಿಗೆಂದೇ ನಾನು ಒಂದು ಪದ ಇಟ್ಟುಕೊಂಡಿದ್ದೆ. ಕಲಿತುಬಿಟ್ಟನು. ಕಲಿತುಬಿಟ್ಟಳು. ಇನ್ನು ಕಲಿಯುವುದು ಬಾಕಿಯಿಲ್ಲ, ಅದಕ್ಕೇ ಹೋಗುತ್ತಿದ್ದಾರೆ ಎಂಬುದೆಲ್ಲ ಆ ಒಂದು ಪದದಲ್ಲೇ ಬಂದುಬಿಡುತ್ತದೆ. ನನ್ನ ಅಕ್ಷರ ದುಂಡಗೆ, ದೊಡ್ಡದಾಗಿ ಇರುತ್ತಿತ್ತು. ಮುತ್ತು ಪೋಣಿಸಿದ ಹಾಗೆ ಎಂದು ನಾಲ್ಕು ಜನ ಹೇಳಿ ಹೇಳಿ ನನ್ನ ತಲೆ ಕೆಡಿಸಿದ್ದರು.

ಹೊಂಬಾಳಮ್ಮ ಬಂದದ್ದು ಮೆಟ್ಟಿಲು ಐನೂರ ಎಂಬತ್ತು ಆಗಿದ್ದಾಗ. ನಲವತ್ತಾರು ವಯಸ್ಸು, ಬಲಗಾಲಿನ ಮಂಡಿ ಮಡಚುವುದು ಕಷ್ಟ. ಗಂಡ ಹೋದ ಮೇಲೆ ಕೆರೆಕೋಡಿಯ ಹತ್ತಿರದ ಹಿಟ್ಟಿನ ಮಿಲ್ಲನ್ನು ಒಬ್ಬಳೇ ನಡೆಸುತ್ತಿದ್ದಳು. ಪ್ರತಿ ಬೇಸಗೆಗೂ ಮೋಟಾರು ಸುಟ್ಟುಹೋಗುತ್ತಿತ್ತು. ಅದನ್ನು ಗಾಡಿಯಲ್ಲಿ ಹಾಕಿ ಪಕ್ಕದೂರಿಗೆ ಕಳಿಸಿದರೆ ಬರುವುದು ಹದಿನೈದು ದಿನಕ್ಕೆ. ಅಷ್ಟು ದಿನ ಆ ಕೇರಿಯ ಹೆಂಗಸರು ರಾಗಿ ಹೊತ್ತುಕೊಂಡು ಪಕ್ಕದೂರಿಗೇ ನಡೆಯಬೇಕು. ಅರ್ಜಿ ತುಂಬುವಾಗ ನಾನು "ಎಷ್ಟನೇ ಕ್ಲಾಸು ಓದಿದೀಯಮ್ಮ?" ಎಂದು ಕೇಳಿದೆ.

"ಮೆಟ್ಲೇ ಹತ್ತಿರ್ನಿಲ್ಲ ಸಾಮಿ, ಇವತ್ತೇ ಹತ್ತಿದ್ದು. ಅದೂ ಒಂದೇ ದಿನಕ್ಕೆ ಐನೂರೆಂಬತ್ತು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅಕ್ಷರ ಬರದವಳಿಗೆ ಮೋಟಾರು ಹೇಗೆ ಕಲಿಸುತ್ತಾರೆ ಎಂದು ನನಗೆ ಕುತೂಹಲ. ಮೇಷ್ಟ್ರು ಒಂದು ಸುಟ್ಟ ಮೋಟಾರಿನ ಒಳಗಿನ ಖಾನೆಗಳ ಮೇಲೆಲ್ಲ ಬಿಳಿ ಬಣ್ಣದಲ್ಲಿ ಒಂದೊಂದು ಅಕ್ಷರ ಬರೆದಿದ್ದರು. ಅವಳು ತಾಮ್ರದ ತಂತಿಯನ್ನು ಕ-ದಿಂದ ತೆಗೆದು ಚ-ಗೆ, ಚ-ದಿಂದ ಟ-ಗೆ ಎಳೆಯಬೇಕು. ಮೇಷ್ಟ್ರು ಪಕ್ಕದಲ್ಲಿ ಕೂತು "ಗಟ್ಟಿಯಾಗಿ ಹೇಳ್ತಾ ಸುತ್ತಿ ಹೊಂಬಾಳಮ್ಮ. ನಡುವೆ ನಿಲ್ಬೇಡಿ. ತಂತಿ ನಡುವೆ ಕಡೀಬಾರ್ದು, ಕಡಿದ್ರೆ ಮೋಟಾರು ಸತ್ತಂಗೆ" ಎನ್ನುತ್ತಿದ್ದರು. ನಾನು ಬೇರೆ ಏನೋ ನೆಪ ಮಾಡಿಕೊಂಡು ಬಾಗಿಲಲ್ಲಿ ನಿಂತು ನೋಡಿದ್ದುಂಟು. ಮೂರು ತಿಂಗಳಿಗೆ ಅವಳಿಗೆ ಅಕ್ಷರವೂ ಬಂತು, ಸುತ್ತುವುದೂ ಬಂತು. ಯಾವುದು ಮೊದಲು ಬಂತೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಏಳನೆಯ ತಿಂಗಳಲ್ಲಿ, ಬೇಸಗೆಯ ಮೊದಲ ವಾರವೇ, ಅವಳ ಮಿಲ್ಲಿನ ಮೋಟಾರು ಸುಟ್ಟಿತು. ಅವಳೇ ಬಿಚ್ಚಿ, ಅವಳೇ ಸುತ್ತಿ, ಎರಡು ದಿನಕ್ಕೆ ಓಡಿಸಿದಳು. ಮಾರನೆಯ ಬೆಳಗ್ಗೆ ನಾನು ಬಂದಾಗ ಬುಡದಲ್ಲಿ ಐನೂರ ತೊಂಬತ್ತೊಂದನೆಯ ಮೆಟ್ಟಿಲು ಇತ್ತು. ತೀರಾ ಗಿಡ್ಡ, ಒಂದು ಗೇಣೂ ಇಲ್ಲ. ಮಂಡಿ ಮಡಚದೆಯೇ ಹತ್ತಬಹುದು. ನನ್ನ ಕಾಲು ಅಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಿತು. ಅದೇ ದಿನ ಮಧ್ಯಾಹ್ನ ಅವಳು ನನ್ನ ಮೇಜಿಗೆ ಬಂದಳು.

"ಹೋಗ್ಬರ್ತೀನಿ ಸಾಮಿ. ಮೇಷ್ಟ್ರು ನನ್ ಸಾಲು ಒರಸಾಕುದ್ರು."

"ಇನ್ನೂ ಒಂದೂವರೆ ವರ್ಷ ಇದೆಯಲ್ಲಮ್ಮ?"

"ನಂಗೆ ಬೇಕಾದ್ದು ಬಂತಲ್ಲ. ಸುಮ್ ಸುಮ್ಕೆ ಯಾಕೆ ಮೆಟ್ಲು ಸವೆಸ್ಲಿ?"

ಇಲ್ಲಿಂದ ಮುಂದಿನದೇ ನನ್ನ ತಪ್ಪು. ಆ ವರ್ಷ ಮೇಲಿನ ಕಚೇರಿಯಿಂದ ಹೊಸ ಅಚ್ಚಿನ ರಿಜಿಸ್ಟರು ಬಂದಿತ್ತು. ಷರಾ ಇರಲಿಲ್ಲ. ಅದರ ಜಾಗದಲ್ಲಿ ಎರಡು ಸಣ್ಣ ಸಣ್ಣ ಕಾಲಂ, ಒಂದು ವ್ಯಾಸಂಗ, ಇನ್ನೊಂದು ಫಲಿತಾಂಶ, ನಡುವೆ ಒಂದು ತೆಳು ಕೆಂಪು ಗೆರೆ. ಫಲಿತಾಂಶದಲ್ಲಿ ಎರಡೇ ಪದಕ್ಕೆ ಅವಕಾಶ. ಎರಡು ವರ್ಷ ಕೂತವರಿಗೆ ಮುಗಿಸಿದರು, ಉಳಿದವರಿಗೆ ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಹೊಂಬಾಳಮ್ಮನ ಹೆಸರಿನ ಮುಂದೆ ಬಿಟ್ಟಳು ಎಂದು ಬರೆಯಲು ಕೈ ಬರಲಿಲ್ಲ. ಪ್ರಾಂಶುಪಾಲರ ಹತ್ತಿರ ಹೋಗಿ ಹೀಗೆ ಹೀಗೆ ಎಂದು ಹೇಳಬಹುದಿತ್ತು. ಬೇರೆ ಹಾಳೆಯಲ್ಲಿ ಟಿಪ್ಪಣಿ ಬರೆದು ಅಂಟಿಸಬಹುದಿತ್ತು. ನಾನು ಅದ್ಯಾವುದನ್ನೂ ಮಾಡದೆ ಜಾಣತನ ಮಾಡಲು ಹೋದೆ. ನನ್ನ ಹಳೆಯ ಪದವನ್ನೇ, ನನ್ನ ದೊಡ್ಡ ದುಂಡು ಅಕ್ಷರದಲ್ಲೇ, ಎರಡೂ ಕಾಲಂ ತುಂಬುವ ಹಾಗೆ ಗೆರೆಯ ಮೇಲೆ ಹಾಯಿಸಿ ಬರೆದೆ. ಕಲಿತುಬಿಟ್ಟಳು. ಓದುವವರಿಗೆ ಕಣ್ಣಿದ್ದರೆ ಸಾಕು, ನಿಮ್ಮ ಕಾಲಂ ನಿಮಗೇ ಇರಲಿ, ಎಂದು ಮನಸ್ಸಿನಲ್ಲೇ ಮೀಸೆ ತಿರುವಿದೆ. ಆ ವರ್ಷವೂ ಮುಂದಿನ ವರ್ಷವೂ ಜಬ್ಬಾರ್ ಮೇಷ್ಟ್ರು ಕಳಿಸಿಕೊಟ್ಟವರಿಗೆಲ್ಲ ಹಾಗೆಯೇ ಬರೆದೆ. ಇಪ್ಪತ್ತೊಂದು ಜನ. ಕಲಿತು ಗೆರೆಯ ಈಚೆಗೆ, ಬಿಟ್ಟಳು ಗೆರೆಯ ಆಚೆಗೆ. ಬರೆದವನಿಗೆ ಅದು ಒಂದೇ ಪದವಾಗಿ ಕಾಣುತ್ತಿತ್ತು, ಬೇರೆಯವರಿಗೆ ಹೇಗೆ ಕಂಡೀತು ಎಂದು ಯೋಚಿಸಲೇ ಇಲ್ಲ.

ಆ ಎರಡನೆಯ ವರ್ಷದ ಕೊನೆಗೆ ಮೇಲಿನ ಕಚೇರಿಯವರು ತಪಾಸಣೆಗೆ ಬಂದರು. ಯಾವ ಯಾವ ತರಗತಿಯಿಂದ ವಿದ್ಯಾರ್ಥಿಗಳಿಗೆ ಉಪಯೋಗವಾಗಿದೆ ಎಂದು ಅಳೆಯಬೇಕೆಂದು ಮೇಲಿನವರ ಆಜ್ಞೆಯಾಗಿತ್ತಂತೆ. ಬಿಟ್ಟವರು ಮುಗಿಸಿದವರಿಗಿಂತ ಹೆಚ್ಚಾಗಿದ್ದರೆ ಆ ತರಗತಿಯನ್ನು ಮುಚ್ಚುವುದು. ಅಧಿಕಾರಿ ಮೂವತ್ತು ಮೂವತ್ತೆರಡರ ಹುಡುಗ, ಕೆಟ್ಟವನಲ್ಲ. ಅಷ್ಟೂ ಮೆಟ್ಟಿಲು ಹತ್ತಿ ಬಂದು, ತಿಮ್ಮಣ್ಣನ ಅಂಗಡಿಯಲ್ಲಿ ಎರಡು ಸೋಡಾ ಕುಡಿದರೂ ಕುರ್ಚಿಯಲ್ಲಿ ಬಹಳ ಹೊತ್ತು ಎದೆ ಹಿಡಿದುಕೊಂಡು ಕೂತಿದ್ದ. ಜೊತೆಗೆ ಬಂದಿದ್ದ ಗುಮಾಸ್ತೆ ನನ್ನ ರಿಜಿಸ್ಟರಿನ ಮೇಲೆ ಒಂದು ರಟ್ಟಿನ ಪಟ್ಟಿ ಇಟ್ಟುಕೊಂಡು, ಹೆಸರು ಮತ್ತು ಕೊನೆಯ ಕಾಲಂ ಮಾತ್ರ ಕಾಣುವ ಹಾಗೆ ಮಾಡಿಕೊಂಡು, ಗಟ್ಟಿಯಾಗಿ ಓದುತ್ತ ಬರೆದುಕೊಳ್ಳತೊಡಗಿದ.

ಅದಕ್ಕೆ ಸ್ವಲ್ಪ ಮೊದಲು ಅಧಿಕಾರಿ ಪುಟ ತಿರುಗಿಸಿ ನೋಡಿದ್ದ. "ಏನ್ರೀ ಇದು, ಇಷ್ಟು ದಪ್ಪ ಪುಸ್ತಕದಲ್ಲಿ ಒಂದೇ ಒಂದು ಚಿತ್ತು ಇಲ್ಲ! ನಾನು ನೋಡಿದ ಕಾಲೇಜುಗಳಲ್ಲಿ ಇಂಥ ರಿಜಿಸ್ಟರು ನೋಡಿಲ್ಲ," ಎಂದಿದ್ದ. ಪ್ರಾಂಶುಪಾಲರು "ನಮ್ಮ ಸೂರಪ್ಪ ಅಂದ್ರೆ ಏನಂದ್ಕೊಂಡ್ರಿ ಸಾರ್" ಎಂದು ನನ್ನ ಬೆನ್ನು ತಟ್ಟಿದ್ದರು. ಎಲ್ಲ ಕಾಲೇಜುಗಳಿಗೂ ಮಾದರಿ ಎಂದು ಇದರ ಪುಟವನ್ನು ಕಳಿಸಿಕೊಡುತ್ತೇನೆ ಎಂದೂ ಅಧಿಕಾರಿ ಹೇಳಿದ್ದ. ನಾನು ನೆಲ ಬಿಟ್ಟು ಒಂದಡಿ ಮೇಲಿದ್ದೆ.

"ಹೊಂಬಾಳಮ್ಮ, ಬಿಟ್ಟಳು," ಎಂದು ಗುಮಾಸ್ತೆ ಓದಿದ. "ನಾಗಭೂಷಣ, ಬಿಟ್ಟನು. ದೇವೀರಮ್ಮ, ಬಿಟ್ಟಳು. ರೆಹಮತ್, ಬಿಟ್ಟನು..."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂಬುದು ನನಗೆ ಅಲ್ಲೇ ಹೊಳೆಯಿತು. "ಮೆಟ್ಟಿಲು ನೋಡಿ ಸಾರ್, ಮೆಟ್ಟಿಲು ಬಂದಿದೆ," ಎಂದೆ.

"ನೋಡದೆ ಏನು, ಹತ್ತಿಕೊಂಡೇ ಬಂದದ್ದಲ್ವಾ," ಎಂದು ಅಧಿಕಾರಿ ನಕ್ಕ. "ಆದ್ರೆ ಮೆಟ್ಟಿಲಿನ ಮೇಲೆ ಹೆಸರಿಲ್ವಲ್ಲ. ಯಾವ ತರಗತಿಯದು ಅಂತ ಬರ್ಕೊಳ್ಳಲಿ? ನಿಮ್ಮ ರಿಜಿಸ್ಟರಲ್ಲಾದ್ರೆ ಹೆಸರಿದೆ."

ಸಾರ್, ಅದು ಎರಡು ಪದವಲ್ಲ, ಒಂದು ಪದ. ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಯ ತುದಿಗೆ ಬಂದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ನಾನು ನಿಯಮ ಮೀರಿ ಗೆರೆ ದಾಟಿ ಬರೆದಿದ್ದೇನೆ ಎಂದಾಗುತ್ತಿತ್ತು. ಇಪ್ಪತ್ತೊಂದು ಕಡೆ ಚಿತ್ತು ಹೊಡೆದು, ಪಕ್ಕದಲ್ಲಿ ಸಹಿ ಮಾಡಿ, ತಪ್ಪೊಪ್ಪಿಗೆ ಬರೆದುಕೊಡಬೇಕಾಗುತ್ತಿತ್ತು. ಮಾದರಿ ರಿಜಿಸ್ಟರು ಹರುಕು ಪಟ್ಟಿಯಾಗುತ್ತಿತ್ತು. ಇವತ್ತು ಯೋಚಿಸಿದರೆ ಅದೆಲ್ಲ ಎಷ್ಟು ಸಣ್ಣದು. ಆ ಗಳಿಗೆಯಲ್ಲಿ ಬೆನ್ನಿನ ಮೇಲೆ ಪ್ರಾಂಶುಪಾಲರ ಕೈಯ ಬಿಸಿ ಇನ್ನೂ ಆರಿರಲಿಲ್ಲ. ಆಮೇಲೆ ನಿಧಾನವಾಗಿ ಒಂದು ಕಾಗದ ಬರೆದರಾಯಿತು ಎಂದುಕೊಂಡು ಸುಮ್ಮನಾದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನನ್ನದು ಆಡದೆ ಹೋಯಿತು.

"ಮೋಟಾರು ತರಗತಿ, ಒಟ್ಟು ಇಪ್ಪತ್ತಾರು. ಮುಗಿಸಿದ್ದು ಐದು, ಬಿಟ್ಟಿದ್ದು ಇಪ್ಪತ್ತೊಂದು," ಎಂದು ಗುಮಾಸ್ತೆ ಲೆಕ್ಕ ಕೊಟ್ಟ. ಅಧಿಕಾರಿ "ಪಾಪ" ಎಂದ. ನಿಜವಾಗಿಯೂ ಬೇಜಾರಿನಿಂದಲೇ ಎಂದ.

ಕಾಗದ ಬರೆಯಲಿಲ್ಲವೆಂದಲ್ಲ. ಎರಡು ವಾರ ಬಿಟ್ಟು ಬರೆದೆ. ಯಾರ ತಪ್ಪು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆಯಲಿಲ್ಲ. ದಾಖಲೆಯನ್ನು ಓದಿಕೊಳ್ಳುವುದರಲ್ಲಿ ವ್ಯತ್ಯಾಸವಾಗಿರುವ ಸಾಧ್ಯತೆ ಇರಬಹುದಾಗಿದೆ ಎಂದು ಸುತ್ತಿ ಬಳಸಿ ಬರೆದೆ. ಮುಕ್ತಾಯವಾದ ದಾಖಲೆಯನ್ನು ತಿದ್ದಲು ಅವಕಾಶವಿರುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಅದರ ಮುಂದಿನ ವಾರ ತರಗತಿ ಮುಚ್ಚುವ ಆದೇಶವೂ, ಉತ್ತಮ ದಾಖಲೆಗಾಗಿ ನನಗೊಂದು ಪ್ರಶಸ್ತಿಪತ್ರವೂ ಒಂದೇ ಲಕೋಟೆಯಲ್ಲಿ ಬಂದವು. ಪ್ರಶಸ್ತಿಪತ್ರವನ್ನು ನಾನು ಮನೆಗೆ ಕೊಂಡೊಯ್ದೆ. ಹೆಂಡತಿ ಕಟ್ಟು ಹಾಕಿಸೋಣ ಎಂದಳು, ನಾನು ಬೇಡ ಎಂದು ಟ್ರಂಕಿನ ತಳಕ್ಕೆ ಹಾಕಿದೆ.

ಜಬ್ಬಾರ್ ಮೇಷ್ಟ್ರು ಸಾಮಾನು ಕಟ್ಟಿಕೊಳ್ಳುವ ದಿನ ನಾನು ಬೀಗದ ಕೈ ತೆಗೆದುಕೊಳ್ಳಲು ಹೋದೆ. ಬೀರುವಿನ ಬಾಗಿಲು ತೆರೆದಿತ್ತು. ಅದರ ಒಳಗಡೆ ಎಲ್ಲ ಸಾಲೂ ಒರೆಸಿಹೋಗಿ ಬರೀ ಬಿಳಿಯ ಮಬ್ಬು. ತಳದಲ್ಲಿ ಎರಡೇ ಸಾಲು ಉಳಿದಿದ್ದವು. ಅವರು ತಂತಿಯ ಸುರುಳಿಗಳನ್ನು ಚೀಲಕ್ಕೆ ತುಂಬುತ್ತ, ನನ್ನ ಕಡೆ ನೋಡದೆಯೇ ಕೇಳಿದರು.

"ಸೂರಪ್ಪನೋರೇ, ಒಂದು ಮಾತು ಕೇಳ್ಲಾ? ಅವರನ್ನೆಲ್ಲ ಹೋಗಿ ಅಂದವನು ನಾನೇ. ಬಂತು ಮೇಷ್ಟ್ರೇ, ಕೆಲ್ಸ ಬಂತು ಅಂತ ನನ್ ಮುಂದೆ ತಲೆ ಆಡಿಸಿದ್ರು. ನಿಮ್ ಮುಂದೆ ಬಂದು ಬಿಟ್ಟೆ ಅಂದ್ರಾ? ಇಪ್ಪತ್ತೊಂದು ಜನಾನೂ?"

"ಬರೆಯೋದ್ರಲ್ಲಿ ಏನೋ ಹೆಚ್ಚು ಕಮ್ಮಿ ಆಗಿರ್ಬೇಕು ಮೇಷ್ಟ್ರೇ," ಎಂದೆ.

"ನೀವು ಬರೆಯೋದ್ರಲ್ಲಿ ಹೆಚ್ಚು ಕಮ್ಮಿ ಆಗತ್ತಾ?" ಎಂದು ಅವರು ಮುಗುಳ್ನಕ್ಕರು. ಅದರಲ್ಲಿ ಕುಹಕ ಇರಲಿಲ್ಲ. "ಒಂದು ಚಿತ್ತೂ ಇಲ್ವಂತಲ್ಲ. ಇರ್ಲಿ ಬಿಡಿ. ವಯಸ್ಸಾದೋನು ಬೇಜಾರು ಮಾಡ್ಕೋತಾನೆ ಅಂತ ಹೂಂ ಅಂದಿರ್ತಾರೆ, ಪಾಪ. ನಂಗೇ ಗೊತ್ತಾಗ್ಲಿಲ್ಲ."

ನಾನು ಬೀಗದ ಕೈ ಇಸಿದುಕೊಂಡು ಹೊರಗೆ ಬಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವರು ಚೀಲ ಹೊತ್ತುಕೊಂಡು ಇಳಿಯುವುದನ್ನು ಮೇಲಿನಿಂದ ನೋಡುತ್ತ ನಿಂತಿದ್ದೆ. ಬುಡದ ಹತ್ತಿರ ಗಿಡ್ಡ ಮೆಟ್ಟಿಲಿನ ಮೇಲೆ ಚೀಲ ಇಳಿಸಿ ಸ್ವಲ್ಪ ಹೊತ್ತು ಕೂತರು. ಅದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಹೊಲಿಗೆಯವರು ತಮ್ಮದೆಂದು ಹೇಳಿಕೊಂಡು ಓಡಾಡಿದ್ದರು, ಇವರು ಜಗಳವಾಡುವ ಆಸಾಮಿಯಲ್ಲ. ನಾನು ಕೂಗಿ ಹೇಳಿದ್ದರೂ ಕೇಳಿಸುತ್ತಿತ್ತೋ ಏನೋ, ಕೂಗಲಿಲ್ಲ. ಆ ವಾರವೇ ಅವರು ಮಗಳು ಅಳಿಯ ಇರುವ ಊರಿಗೆ ಹೊರಟುಹೋದರು.

ತರಗತಿ ಮುಚ್ಚಿದ ಮೇಲೆ ಮೆಟ್ಟಿಲು ಕಡಿಮೆಯಾಗಬಹುದು ಎಂದು ನನ್ನ ಮಂಡಿಯಾದರೂ ಆಸೆಪಟ್ಟಿತ್ತು. ಆಗಲಿಲ್ಲ. ಗಿಡ್ಡವೂ ಎತ್ತರದವೂ ಒಂದರ ಮೇಲೊಂದು ಬರುತ್ತಲೇ ಇದ್ದವು. ವಿಚಾರಿಸಿದರೆ, ಹೊಂಬಾಳಮ್ಮನ ಮಿಲ್ಲಿನಲ್ಲಿ ಹಿಟ್ಟು ಬೀಸಿಸಲು ಕಾದು ಕೂತ ಹೆಂಗಸರು ಅವಳ ಹತ್ತಿರ ತಂತಿ ಸುತ್ತುವುದನ್ನು ಕಲಿಯುತ್ತಿದ್ದರಂತೆ. ಒಂದು ದಿನವೂ ಕಾಲೇಜು ಹತ್ತದವರದೂ ಮೆಟ್ಟಿಲು ನಮ್ಮಲ್ಲೇ ಬರುತ್ತಿತ್ತು. ಬರೆದುಕೊಳ್ಳಲು ನನ್ನ ಪುಸ್ತಕದಲ್ಲಿ ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ, ಮೊತ್ತ ಮಾತ್ರ ಬರೆದೆ.

ಆರು ವರ್ಷ ಹೀಗೇ ಕಳೆಯಿತು. ನಾಳೆ ಬರೆಯುತ್ತೇನೆ, ಹಬ್ಬ ಕಳೆಯಲಿ, ನಿವೃತ್ತನಾಗಲಿ ಎಂದು ಮುಂದಕ್ಕೆ ಹಾಕುತ್ತ ಬಂದೆ. ನಿವೃತ್ತನಾದ ವಾರ ಕೊನೆಗೂ ಜಬ್ಬಾರ್ ಮೇಷ್ಟ್ರಿಗೆ ಕಾಗದ ಬರೆದೆ. ಈ ಸಲ ಸುತ್ತಿ ಬಳಸಲಿಲ್ಲ. ಅವರ್‍ಯಾರೂ ಬಿಟ್ಟೆ ಎನ್ನಲಿಲ್ಲ, ಎಲ್ಲರೂ ಕಲಿತೆ ಎಂದರು, ಗೆರೆ ದಾಟಿಸಿ ಬರೆದವನು ನಾನು, ಬಾಯಿ ಮುಚ್ಚಿಕೊಂಡು ಕೂತವನೂ ನಾನು, ಗಿಡ್ಡ ಮೆಟ್ಟಿಲು ಹೊಂಬಾಳಮ್ಮನದು ಎಂದು ನಾಲ್ಕು ಪುಟ ಬರೆದೆ. ಇಪ್ಪತ್ತು ದಿನಕ್ಕೆ ಆ ಲಕೋಟೆ ಒಡೆಯದೆಯೇ ಹಿಂದಕ್ಕೆ ಬಂತು. ಜೊತೆಗೆ ಅವರ ಮಗಳ ನಾಲ್ಕು ಸಾಲು. ನಮ್ಮ ಅಬ್ಬಾ ರಂಜಾನ್ ಮುಗಿದ ವಾರ ತೀರಿಕೊಂಡರು, ಕಾಗದ ಒಡೆಯಲು ಮನಸ್ಸು ಬರಲಿಲ್ಲ, ನಿಮ್ಮದು ನಿಮಗೇ ಕಳಿಸಿದ್ದೇನೆ, ಎಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮಮ್ಮ ನನಗೇ ಹೇಳುತ್ತಿದ್ದಳು. ನಾನು ಜಗಲಿಯ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ.

ಹಳೆಯ ರಿಜಿಸ್ಟರುಗಳನ್ನು ಕಾಲೇಜಿನವರು ರದ್ದಿಗೆ ಹಾಕುತ್ತಿದ್ದರು. ಆ ಎರಡು ವರ್ಷಗಳದ್ದನ್ನು ನಾನು ಕೇಳಿ ತಂದಿಟ್ಟುಕೊಂಡಿದ್ದೆ. ಮಾರನೆಯ ದಿನ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೆರೆಕೋಡಿಗೆ ಹೋದೆ. ಒಬ್ಬರಿಗಾದರೂ ನನ್ನ ತಪ್ಪನ್ನು ಒಪ್ಪಿಸಿ ಬರಬೇಕಿತ್ತು. ಬೈದರೆ ಬೈಯಲಿ, ಉಗಿದರೆ ಉಗಿಯಲಿ.

ಮಿಲ್ಲು ಓಡುತ್ತಿತ್ತು. ಹೊಂಬಾಳಮ್ಮ ಹುಬ್ಬು ರೆಪ್ಪೆಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದಳು. ಮೂಲೆಯಲ್ಲಿ ಮೂವರು ಹೆಂಗಸರು ಬಿಚ್ಚಿದ ಮೋಟಾರಿನ ಸುತ್ತ ಕೂತು, ಕ-ದಿಂದ ಚ-ಗೆ, ಚ-ದಿಂದ ಟ-ಗೆ ಎಂದು ಹೇಳಿಕೊಳ್ಳುತ್ತ ತಂತಿ ಎಳೆಯುತ್ತಿದ್ದರು. "ಬನ್ನಿ ಸಾಮಿ, ಬನ್ನಿ, ಮೆಟ್ಲು ಇಳ್ದು ಬಂದ್ಬುಟ್ರಲ್ಲ!" ಎಂದು ಅವಳು ಸ್ಟೂಲು ಒರೆಸಿದಳು.

"ಜಬ್ಬಾರ್ ಮೇಷ್ಟ್ರು ಹೋಗ್ಬಿಟ್ರಮ್ಮ," ಎಂದೆ.

ಅವಳು ಕೈ ಚಾಚಿ ಸ್ವಿಚ್ಚು ಆರಿಸಿದಳು. ಬೆಲ್ಟು ನಿಧಾನವಾಗಿ ನಿಂತಿತು. ಹೆಂಗಸರ ಬಾಯಿಯೂ ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಾಗ ಮುಖದ ಮೇಲಿನ ಹಿಟ್ಟು ಕಣಕದ ಹಾಗೆ ಅಂಟಿಕೊಂಡಿತು. "ದೇವ್ರಂತೋರು," ಎಂದಳು. ಆಮೇಲೆ ನನ್ನ ಕಂಕುಳ ಕಡೆ ನೋಡಿ "ಅದೇನು ಪುಸ್ಕ?" ಎಂದು ಕೇಳಿದಳು.

ನಾನು ಪುಟ ತೆಗೆದು ಅವಳ ಹೆಸರಿನ ಮೇಲೆ ಬೆರಳಿಟ್ಟೆ. "ನೀನು ಹೋಗುವಾಗ ನಾನು ಬರೆದದ್ದು. ಓದಮ್ಮ, ಆಮೇಲೆ ಹೇಳ್ತೀನಿ."

ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, ತಂತಿ ಎಳೆಯುವ ಹಾಗೆ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಎಳೆಯುತ್ತ ಹೋದಳು. "ಹೊಂ... ಬಾ... ಳ... ಮ್ಮ. ನಾನೇ. ಕ... ಲಿ... ತು... ಬಿ... ಟ್ಟ... ಳು." ಬೆರಳನ್ನು ಇನ್ನೊಮ್ಮೆ ಮೊದಲಿನಿಂದ ಎಳೆದಳು. ಆಮೇಲೆ ಅವಳ ಮುಖ ಅರಳಿತು. "ಕಲ್ತ್‌ಬುಟ್ಳು!" ಎಂದು ಮೂಲೆಯ ಹೆಂಗಸರ ಕಡೆಗೆ ತಿರುಗಿದಳು. "ಕೇಳುದ್ರೇನ್ರೇ? ಕಾಲೇಜ್ನೋರು ಅವತ್ತೇ ಬರ್ದವ್ರೆ, ಹೊಂಬಾಳಮ್ಮ ಕಲ್ತ್‌ಬುಟ್ಳು ಅಂತ!"

ನಾನು ಸ್ಟೂಲಿನಿಂದ ಎದ್ದು ನಿಂತೆ.

"ಮೇಷ್ಟ್ರು ನೋಡುದ್ರಾ ಇದ್ನ?" ಎಂದು ಕೇಳಿದಳು. "ಎಷ್ಟು ಕುಸಿಪಟ್ರೋ."

"ಇಲ್ಲಮ್ಮ. ಅವರು ನೋಡಲಿಲ್ಲ. ನಾನು ತೋರಿಸಲಿಲ್ಲ." ಇಷ್ಟು ಹೇಳಲು ನನಗೆ ಆರು ವರ್ಷ ಹಿಡಿದಿತ್ತು. "ನೀವೆಲ್ಲ ಬಿಟ್ಟು ಹೋದಿರಿ ಅಂದ್ಕೊಂಡೇ ಹೋದರು. ತಪ್ಪು ನಂದು. ಇಲ್ಲಿ ನೋಡು, ನಾನು ಈ ಗೆರೆ ದಾಟಿಸಿ ಬರೆದೆ. ಕಲಿತು ಈ ಕಡೆಗೆ ಹೋಯ್ತು, ಬಿಟ್ಟಳು ಆ ಕಡೆಗೆ ಹೋಯ್ತು. ಅವರು ಆ ಕಡೆಯದನ್ನ ಮಾತ್ರ ಓದಿಕೊಂಡರು. ಅದಕ್ಕೇ ತರಗತಿ ಮುಚ್ಚಿದ್ದು."

ಅವಳು ಪುಸ್ತಕವನ್ನು ಮುಖದ ಹತ್ತಿರಕ್ಕೆ ತಂದುಕೊಂಡು, ಹಿಟ್ಟು ಮೆತ್ತಿದ ರೆಪ್ಪೆಗಳನ್ನು ಕಿರಿದು ಮಾಡಿ ಹುಡುಕಿದಳು.

"ಯಾವ್ ಗೆರೆ?" ಎಂದಳು.

ನಾನು ಉಗುರಿನಿಂದ ಆ ತೆಳು ಕೆಂಪು ಗೆರೆಯನ್ನು ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಬರಬೇಕಾಗಿದ್ದ ಬೈಗುಳ ಬರಲಿಲ್ಲ. "ತಂತಿ ನಡ್ವೆ ಕಡೀಬಾರ್ದು ಅಂತಿದ್ರು ಮೇಷ್ಟ್ರು," ಎಂದಷ್ಟೇ ಮೆಲ್ಲಗೆ ಹೇಳಿದಳು. ಆಮೇಲೆ ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿ, ಗೆರೆ ಇದ್ದಲ್ಲಿ ನಿಲ್ಲಿಸದೆ ಎಳೆದುಕೊಂಡು ಹೋದಳು. "ನಾಗಭೂಸಣ. ಇವ್ನೂ ಕಲ್ತ್‌ಬುಟ್ಟ." ಅದರ ಕೆಳಗೆ, "ದೇವೀರಮ್ಮ. ಇವ್ಳೂ." ಅವಳು ಇಪ್ಪತ್ತೊಂದು ಹೆಸರನ್ನೂ ಗಟ್ಟಿಯಾಗಿ ಓದಿ ಮುಗಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.